ಮುಳುಗಿದ ಹಡಗಿನ ಹುಡುಗ: ಮಕ್ಕಳ ಐತಿಹಾಸಿಕ ಕಥನವನ್ನು ಕುರಿತು

ಕೊಲ್ಕತ್ತ ನಗರದಲ್ಲಿ ಹೂಗ್ಲಿ ನದಿಯ ದಂಡೆಯ ಮೇಲೆ, ಹೌರಾ ಸೇತುವೆಗೆ ಅನತಿದೂರದಲ್ಲಿ, ಛೋಟೇಲಾಲ್ ಘಾಟ್ ಎಂಬ ಸ್ನಾನಘಟ್ಟವಿದೆ. ಅಲ್ಲಿ ಇಂಗ್ಲಿಷಿನಲ್ಲಿಯೂ ಬಂಗಾಳಿಯಲ್ಲಿಯೂ ಕೊರೆದ ಒಂದು ಅಮೃತಶಿಲೆಯ ಫಲಕವನ್ನು ಕಾಣಬಹುದು. ೧೮೮೭ರ ಮೇ ೨೫ರಂದು ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತಕ್ಕೆ ಸಿಕ್ಕಿ ‘ಸರ್ ಜಾನ್ ಲಾರೆನ್ಸ್’ ಎಂಬ ಉಗಿಹಡಗು ಮುಳುಗಿತು. ಅದರಲ್ಲಿದ್ದ ಏಳುನೂರಕ್ಕೂ ಮಿಕ್ಕ ಜನರಲ್ಲಿ ಬಹುಪಾಲು ಪುರಿ ಜಗನ್ನಾಥನ ದರ್ಶನಕ್ಕೆಂದು ಹೊರಟ ಯಾತ್ರಿಕರು. ಆ ಯಾತ್ರಿಕರಲ್ಲಿಯೂ ಹೆಚ್ಚಿನವರು ಹೆಂಗಸರು. ಪುರಿಗೆ ರೈಲು ಬಂದದ್ದು ೧೮೯೭ರಲ್ಲಿ. ಅದಕ್ಕೆ ಮೊದಲು ಕೊಲ್ಕತ್ತದಿಂದ ಹಡಗು ಹತ್ತಿ ಒರಿಸ್ಸಾದ ಚಾಂದ್‌ಬಾಲಿಯಲ್ಲಿ ಇಳಿದು, ಅಲ್ಲಿಂದ ಮುಂದೆ ಸಾಗುವುದು ಯಾತ್ರಿಕರ ಒಂದು ವಾಡಿಕೆಯ ದಾರಿಯಾಗಿತ್ತು. ಆ ದುರಂತದಲ್ಲಿ ಮಡಿದ ಯಾತ್ರಿಕರ ನೆನಪಿಗಾಗಿ ಕೆಲವು ಮಂದಿ ಇಂಗ್ಲಿಷ್ ಮಹಿಳೆಯರು ಈ ಫಲಕವನ್ನು ಇಡಿಸಿದರು. ಇಪ್ಪತ್ತಾರರ ಹರೆಯದ ರವೀಂದ್ರನಾಥ ಠಾಕೂರರು ಇದೇ ದುರಂತವನ್ನು ಕುರಿತು ‘ಸಿಂಧುತರಂಗ’ ಎಂಬ ಕವನವನ್ನು ಬರೆದರು. ಅದು ‘ಮಾನಸಿ’ ಸಂಕಲನದಲ್ಲಿ ಸೇರಿದೆ.

ಹೀಗೆ ಮುಳುಗಿದ ಆ ಹಡಗಿಗೆ ಶಿಲೆಯಲ್ಲಿ ಒಂದು, ಕಾವ್ಯದಲ್ಲಿ ಒಂದು, ಎರಡು ಸ್ಮಾರಕಗಳು ದೊರೆತವು. ಎರಡೂ ಯೋಗ್ಯವಾದವುಗಳೇ. ಆದರೆ ಆ ಫಲಕದ ಮುಂದೆ ನಿಂತಾಗ ಸಾಹಿತ್ಯದ ವಿದ್ಯಾರ್ಥಿಯೊಬ್ಬನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಏಳದಿರದು. ಆ ಹಡಗು ತನ್ನಷ್ಟಕ್ಕೆ ತಾನೇ ಸಾಗುತ್ತಿರಲಿಲ್ಲ. ಅದರ ಕುಲುಮೆಗೆ ಯಾರೋ ಕಲ್ಲಿದ್ದಲು ಹಾಕುತ್ತಿದ್ದರು. ಯಾರೋ ಆ ಕಲ್ಲಿದ್ದಲನ್ನು ಉಗ್ರಾಣದಿಂದ ಕುಲುಮೆಯ ಬಾಯಿಗೆ ಹೊತ್ತು ತರುತ್ತಿದ್ದರು. ಯಾರೋ ಹಡಗುಕಟ್ಟೆಯನ್ನು ತೊಳೆಯುತ್ತಿದ್ದರು, ಹಗ್ಗ ಎಳೆಯುತ್ತಿದ್ದರು, ಅನ್ನ ಬೇಯಿಸುತ್ತಿದ್ದರು. ಅವರಲ್ಲಿ ಹದಿಹರೆಯದವರು ಇದ್ದಿರಲಾರರೆಂದು ಹೇಳುವಂತಿಲ್ಲ. ಯಾತ್ರಿಕರು ಪುಣ್ಯಕ್ಕಾಗಿ ಹೊರಟವರು. ಇವರು ಕೂಲಿಗಾಗಿ ಹೊರಟವರು. ಕಡಲು ಇಬ್ಬರನ್ನೂ ಒಂದೇ ರೀತಿಯಲ್ಲಿ ನುಂಗಿತು. ನೆನಪು ಮಾತ್ರ ಇಬ್ಬರಿಗೂ ಒಂದೇ ರೀತಿಯಲ್ಲಿ ದೊರೆಯಲಿಲ್ಲ.

ಅದೇ ನದಿಯ ದಂಡೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ, ಹೇಸ್ಟಿಂಗ್ಸ್ ಪ್ರದೇಶದ ನೇಪಿಯರ್ ರಸ್ತೆಯ ಬಳಿ, ಹಡಗಿನ ಕಾರ್ಮಿಕರಿಗೆಂದೇ ಕಟ್ಟಿದ ಸ್ಮಾರಕವೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತ ಮಡಿದ ಅವಿಭಜಿತ ಬಂಗಾಳ, ಅಸ್ಸಾಂ ಮೊದಲಾದ ಕಡೆಗಳ ೮೯೬ ಮಂದಿ ನಾವಿಕರ ನೆನಪಿಗೆ ಹಡಗು ಹಾಗೂ ವ್ಯಾಪಾರ ಸಂಸ್ಥೆಗಳು ಇದನ್ನು ಕಟ್ಟಿಸಿದವು. ೧೯೨೪ರ ಫೆಬ್ರವರಿ ೬ರಂದು ಬಂಗಾಳದ ಗವರ್ನರ್ ಲಾರ್ಡ್ ಲಿಟ್ಟನ್ ಅದನ್ನು ಉದ್ಘಾಟಿಸಿದರು. ನಾಲ್ಕು ದಿಕ್ಕಿಗೂ ಹಡಗಿನ ಮೂತಿಗಳು ಚಾಚಿಕೊಂಡಿರುವ, ಮೇಲೆ ಪುಟ್ಟ ಮಿನಾರುಗಳೂ ಗುಮ್ಮಟವೂ ಉಳ್ಳ ಎತ್ತರವಾದ ಸ್ತಂಭವದು. ಲಷ್ಕರರೆಂದು ಕರೆಯಲ್ಪಡುತ್ತಿದ್ದ ಈ ನಾವಿಕರಿಗೆ ಅಲ್ಲಿ ಒಂದು ಸಂಖ್ಯೆ ದೊರೆತಿದೆ, ಹೆಸರುಗಳು ದೊರೆತಿಲ್ಲ.

ಕನ್ನಡದ ಅಧ್ಯಾಪಕನಾದ ನನಗೆ ಈ ಸಂಖ್ಯೆಯನ್ನು ಕುರಿತು ಯೋಚಿಸುವಾಗಲೆಲ್ಲ ಆತಕೂರಿನ ಶಾಸನ ನೆನಪಾಗುತ್ತದೆ. ಹತ್ತನೆಯ ಶತಮಾನದ ನಡುವೆ ಹುಟ್ಟಿದ ಆ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಗೆ ಗೌರವ ಸಲ್ಲಿಸುತ್ತದೆ. ಆ ನಾಯಿಯ ಹೆಸರು ಕಾಳಿ ಎಂಬುದು ಸಾವಿರ ವರ್ಷಗಳ ತರುವಾಯವೂ ನಮಗೆ ತಿಳಿದಿದೆ. ತುರುಗಾಳಗದಲ್ಲಿ ಸತ್ತ ಊರಿನ ಸಾಮಾನ್ಯನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದ ನಾಡು ನಮ್ಮದು. ವೀರಗಲ್ಲಿನ ಈ ಪರಂಪರೆಯಲ್ಲಿ ಬೆಳೆದವರಿಗೆ ಒಬ್ಬ ಮನುಷ್ಯನ ಸಾವು ಬರಿಯ ಅಂಕಿಯಾಗಿ ಉಳಿಯುವುದು ಸಹಜವೆಂದು ತೋರಬಾರದು. ಮಕ್ಕಳಿಗಾಗಿ ಬರೆಯುವ ಐತಿಹಾಸಿಕ ಕಥೆಯ ಕರ್ತವ್ಯವನ್ನು ಇಲ್ಲಿಂದಲೇ ವಿವೇಚಿಸಬೇಕೆಂದು ನನ್ನ ನಂಬಿಕೆ. ಮುಳುಗಲಿರುವ ಹಡಗಿನಲ್ಲಿ ದುಡಿಯುವ ಒಬ್ಬ ಹುಡುಗನನ್ನು ನಡುವೆ ನಿಲ್ಲಿಸಿ, ಎಳೆಯ ಓದುಗರಿಗಾಗಿ ಕನ್ನಡದಲ್ಲಿ ಒಂದು ಐತಿಹಾಸಿಕ ಕಾದಂಬರಿಯನ್ನು ಬರೆಯಲು ಸಾಧ್ಯವೆ? ಬರೆಯಬೇಕೆ? ಬರೆದರೆ ಯಾವ ನಿಷ್ಠೆಯಿಂದ ಬರೆಯಬೇಕು? ವಿಭಾಗದ ಈ ಸ್ಮರಣ ಸಂಪುಟದಲ್ಲಿ ಈ ಪ್ರಶ್ನೆಗಳನ್ನು ಎತ್ತುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಐತಿಹಾಸಿಕ ಕಾದಂಬರಿಯ ವಂಶಾವಳಿಯಲ್ಲಿ ಕೊಲ್ಕತ್ತಕ್ಕೆ ಒಂದು ಸ್ಥಾನವಿದೆ. ಬಂಗಾಳಿಯನ್ನು ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಕನ್ನಡದ ಓದುಗವರ್ಗವನ್ನೇ ಕಟ್ಟಿದವರು. ಮರಾಠಿಯ ಕಡೆಯಿಂದ ಅದೇ ಕೆಲಸವನ್ನು ಗಳಗನಾಥರು ಮಾಡಿದರು. ಬಂಕಿಮರ ‘ಕಪಾಲಕುಂಡಲಾ’ (೧೮೬೬) ಆರಂಭವಾಗುವುದೇ ಒಂದು ದೋಣಿಯಲ್ಲಿ. ಗಂಗಾಸಾಗರದಿಂದ ಮರಳುವ ಯಾತ್ರಿಕರ ದೋಣಿ ಮಂಜಿನಲ್ಲಿ ದಾರಿ ತಪ್ಪುತ್ತದೆ. ಸೌದೆ ತರಲು ಇಳಿದ ನವಕುಮಾರನನ್ನು ಬಿಟ್ಟು ಹೊರಟುಹೋಗುತ್ತದೆ. ಕಥೆ ನವಕುಮಾರನ ಬೆನ್ನು ಹಿಡಿಯುತ್ತದೆ. ಅಂಬಿಗರು ಭರತದ ನೀರಿನೊಡನೆ ಕಥೆಯಿಂದ ಮರೆಯಾಗುತ್ತಾರೆ. ಶರಚ್ಚಂದ್ರರ ‘ಶ್ರೀಕಾಂತ’ದ ಎರಡನೆಯ ಭಾಗದಲ್ಲಿ ರಂಗೂನಿಗೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕುವ ಪ್ರಸಂಗವಿದೆ. ಅಲ್ಲಿಯೂ ನಾವು ಕಡಲನ್ನು ನೋಡುವುದು ಪ್ರಯಾಣಿಕನ ಕಣ್ಣಿನಿಂದ. ದುಡಿಯುವವನ ಕಣ್ಣಿನಿಂದ ಹಡಗನ್ನು ಕಾಣುವ ಕೆಲಸ ಬಹಳ ತಡವಾಗಿ ಆಯಿತು. ಅಮಿತಾವ್ ಘೋಷ್ ೨೦೦೮ರಲ್ಲಿ ಪ್ರಕಟಿಸಿದ ‘ಸೀ ಆಫ್ ಪಾಪೀಸ್’ ಕಾದಂಬರಿಯ ಜೋದು ಎಂಬ ಅಂಬಿಗರ ಹುಡುಗ ಲಷ್ಕರನಾಗುವ ಕಥೆ ಅಂತಹದೊಂದು ಉದಾಹರಣೆ. ಆದರೆ ಅದು ಬೆಳೆದವರ ಕಾದಂಬರಿ, ಬರೆದದ್ದೂ ಇಂಗ್ಲಿಷಿನಲ್ಲಿ.

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬಲವಾಗಿ ಬೆಳೆದ ಪ್ರಕಾರ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ಕೆ.ವಿ. ಅಯ್ಯರರ ‘ಶಾಂತಲಾ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಇವುಗಳನ್ನು ಬಿಟ್ಟು ನಮ್ಮ ಗದ್ಯದ ಚರಿತ್ರೆಯನ್ನು ಬರೆಯಲಾಗದು. ಇವೆಲ್ಲವುಗಳ ನಡುವೆ ಅರಮನೆಯೋ ಕೋಟೆಯೋ ಇದೆ, ಮುಳುಗುವುದು ರಾಜ್ಯ. ಮಕ್ಕಳ ಸಾಹಿತ್ಯಕ್ಕೆ ಬಂದರೆ ಈ ಒಲವು ಇನ್ನೂ ಗಟ್ಟಿಯಾಗುತ್ತದೆ. ಪಂಜೆ, ರಾಜರತ್ನಂ, ಕಾರಂತರು ಮಕ್ಕಳಿಗಾಗಿ ದುಡಿದದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ೧೯೭೦ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತಿನಿಂದ ಬಂದ ಭಾರತ-ಭಾರತಿ ಮಾಲಿಕೆಯ ಕಿರುಹೊತ್ತಗೆಗಳು ಒಂದು ಇಡೀ ತಲೆಮಾರಿಗೆ ಚರಿತ್ರೆಯ ರುಚಿಯನ್ನು ಹತ್ತಿಸಿದವು. ಆದರೆ ಅಂತಹ ಮಾಲಿಕೆಯ ಸ್ವರೂಪವೇ ಮಹಾಪುರುಷರ ಜೀವನಚರಿತ್ರೆಯದು. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಮಹಾಪುರುಷನನ್ನು ಮಗುವಿನ ಎತ್ತರಕ್ಕೆ ಇಳಿಸಿ ಕಥೆ ಹೇಳುವ ಬೇರೆಯ ದಾರಿಯನ್ನು ತೋರಿತು; ೨೦೧೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವೂ ಸಂದಿತು. ಮುಂದಿನ ಹೆಜ್ಜೆ ಉಳಿದಿದೆ: ಎಂದೂ ಮಹಾಪುರುಷನಾಗದ, ಆಗಲು ಕಾಲವೇ ದೊರೆಯದ ಮಗುವಿನ ಚರಿತ್ರೆ.

ಹಡಗಿನ ಮೇಲೆ ಸಾಯುವ ಹುಡುಗ ನಮ್ಮ ಶಾಲೆಗಳಿಗೆ ಅಪರಿಚಿತನಲ್ಲ. ಇಂಗ್ಲಿಷ್ ಪಾಠಪುಸ್ತಕಗಳ ಮೂಲಕ ಫೆಲಿಶಿಯಾ ಹೆಮನ್ಸ್ ೧೮೨೬ರಲ್ಲಿ ಬರೆದ ‘ಕಾಸಬಿಯಾಂಕ’ ಹಲವು ತಲೆಮಾರುಗಳ ಬಾಯಲ್ಲಿ ನಲಿದಿದೆ. ೧೭೯೮ರ ನೈಲ್ ಕದನದಲ್ಲಿ ‘ಲೋರಿಯಾಂ’ ಎಂಬ ಫ್ರೆಂಚ್ ಹಡಗು ಹತ್ತಿ ಉರಿಯುವಾಗ, ತಂದೆಯ ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಕದಲದೆ ಸತ್ತ ನಾಯಕನ ಮಗನ ಕಥೆಯದು. ಆ ಪದ್ಯವನ್ನು ಬಾಯಿಪಾಠ ಮಾಡಿಸಿದ ಶಿಕ್ಷಣವು ವಿಧೇಯತೆಯನ್ನು ಪರಮಗುಣವೆಂದು ಸಾರುತ್ತಿತ್ತು. ಹುಡುಗ ಯಾಕೆ ಯುದ್ಧದ ಹಡಗಿನಲ್ಲಿದ್ದ, ಅವನನ್ನು ಅಲ್ಲಿಗೆ ಕರೆತಂದವರು ಯಾರು ಎಂದು ತರಗತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಗುವಿನ ಸಾವನ್ನು ಒಂದು ನೀತಿಗೆ ಉದಾಹರಣೆಯಾಗಿ ಬಳಸಿಕೊಳ್ಳುವ ಈ ಮಾದರಿಯನ್ನು ನಮ್ಮ ಮಕ್ಕಳ ಲೇಖಕರು ಅನುಸರಿಸಬಾರದು. ಹಡಗಿನ ಹುಡುಗನನ್ನು ‘ತ್ಯಾಗವೀರ’ನನ್ನಾಗಿ ಮಾಡಿದ ಕ್ಷಣವೇ, ಅವನನ್ನು ಕೂಲಿಗೆ ಹಚ್ಚಿದವರೂ ಹಳೆಯ ಹಡಗನ್ನು ಕಡಲಿಗಿಳಿಸಿದವರೂ ಹೊಣೆಯಿಂದ ಪಾರಾಗುತ್ತಾರೆ.

ನಮ್ಮದೇ ಕಾವ್ಯಪರಂಪರೆಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾದರಿಯೊಂದಿದೆ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದ ಲೋಹಿತಾಶ್ವನನ್ನು ನಾವು ಸಾಮಾನ್ಯವಾಗಿ ಸತ್ಯಪರೀಕ್ಷೆಯ ಒಂದು ಸಾಧನವೆಂದು ಓದುತ್ತೇವೆ. ಆದರೆ ಒಂದು ಗಳಿಗೆ ಹರಿಶ್ಚಂದ್ರನನ್ನು ಬದಿಗಿಟ್ಟು ಆ ಹುಡುಗನನ್ನೇ ನೋಡಿದರೆ ಕಾಣುವುದೇನು? ತಾಯಿಯೊಡನೆ ಕಾಶಿಯಲ್ಲಿ ಮಾರಾಟವಾದ ಮಗು. ಒಡೆಯನ ಮನೆಯ ಕೆಲಸಕ್ಕಾಗಿ ಕಾಡಿಗೆ ಹೋದ ಮಗು. ಕೆಲಸದಲ್ಲಿದ್ದಾಗಲೇ ಹಾವು ಕಚ್ಚಿ ಸತ್ತ ಮಗು. ಸುದ್ದಿ ತಿಳಿದ ತಾಯಿ ಚಂದ್ರಮತಿಗೆ ಮಗನ ಹೆಣವನ್ನು ಹುಡುಕಲು ಹೋಗುವುದಕ್ಕೂ ಮನೆಗೆಲಸ ಮುಗಿಯಬೇಕು. ಶ್ಮಶಾನದಲ್ಲಿ ಸುಡಲು ತೆರ ತೆರಬೇಕು. ದುಡಿಯುವ ಮಗುವಿನ ಸಾವಿನ ಸುತ್ತ ಇರುವ ಆರ್ಥಿಕ ಕ್ರೌರ್ಯವನ್ನು ಹದಿಮೂರನೆಯ ಶತಮಾನದ ಈ ಕವಿ ಕಂಡಷ್ಟು ನಿಷ್ಠುರವಾಗಿ ಆಮೇಲಿನವರೂ ಕಂಡಿಲ್ಲ. ಈ ಭಾಗವನ್ನು ತರಗತಿಯಲ್ಲಿ ಪಾಠ ಮಾಡುವಾಗ ಇಡೀ ಕೊಠಡಿ ಮೌನವಾಗುವುದನ್ನು ನಾನು ಅನೇಕ ವರ್ಷಗಳಿಂದ ಕಂಡಿದ್ದೇನೆ.

ಕೊನೆಯಲ್ಲಿ ಲೋಹಿತಾಶ್ವ ಎದ್ದು ಕೂರುತ್ತಾನೆ. ಶಿವನ ಕೃಪೆಯಿಂದ ಸತ್ತವನು ಬದುಕುವುದು ಪುರಾಣಕಾವ್ಯದ ಧರ್ಮ; ಅದು ಅಲ್ಲಿ ಸಲ್ಲುತ್ತದೆ. ಐತಿಹಾಸಿಕ ಕಥೆಗೆ ಈ ಸವಲತ್ತು ಇಲ್ಲ. ‘ಸರ್ ಜಾನ್ ಲಾರೆನ್ಸ್’ ಮುಳುಗಿದ್ದು ನಿಜ. ಅದನ್ನು ತೇಲಿಸುವ ಅಧಿಕಾರ ಕಾದಂಬರಿಕಾರನಿಗಿಲ್ಲ. ಕಲ್ಪಿತ ಹುಡುಗನೊಬ್ಬನನ್ನು ಬದುಕಿಸುವ ಸ್ವಾತಂತ್ರ್ಯ ಅವನಿಗಿದೆಯಷ್ಟೆ. ಆ ಸ್ವಾತಂತ್ರ್ಯವನ್ನು ಹೇಗೆ ಬಳಸುತ್ತಾನೆಂಬುದರಲ್ಲಿ ಅವನ ನಿಷ್ಠೆಯ ಪರೀಕ್ಷೆಯಿದೆ. ಮಗು ಓದುಗನಿಗೆ ಸಮಾಧಾನವಾಗಲೆಂದು ನಾಯಕನೊಬ್ಬನನ್ನು ದಡ ಸೇರಿಸಿ, ಉಳಿದವರನ್ನೆಲ್ಲ ಹಿನ್ನೆಲೆಯ ಚಿತ್ರವಾಗಿ ಮುಳುಗಿಸುವುದು ಸುಲಭ. ಹಾಗೆ ಮಾಡುವುದಾದರೆ ಬದುಕಿದವನಿಗೆ ಸತ್ತವರ ಹೆಸರುಗಳನ್ನು ನೆನಪಿಡುವ ಹೊಣೆಯನ್ನಾದರೂ ಹೊರಿಸಬೇಕು.

ಇಂತಹ ಕಥೆಗೆ ಬೇಕಾದ ಮೊದಲ ಸಾಮಗ್ರಿ ಕೆಲಸದ ಅರಿವು. ನಮ್ಮ ಪರಂಪರೆಯಲ್ಲಿ ದೋಣಿ, ಭೈತ್ರ, ಅಂಬಿಗ ಇವು ಬಹುಮಟ್ಟಿಗೆ ರೂಪಕಗಳು. ಸಂಸಾರವೇ ಸಾಗರ, ದೇವರೇ ಅಂಬಿಗ. ಸ್ವತಃ ಅಂಬಿಗನಾಗಿದ್ದ ಚೌಡಯ್ಯನ ವಚನಗಳನ್ನು ಓದುವಾಗಲೂ ನಾವು ಹುಟ್ಟಿನ ಭಾರವನ್ನು ಮರೆತು ಅಧ್ಯಾತ್ಮವನ್ನಷ್ಟೇ ಎತ್ತಿಕೊಳ್ಳುತ್ತೇವೆ. ಮಕ್ಕಳ ಕಾದಂಬರಿ ಇದನ್ನು ತಿರುಗಿಸಬೇಕು. ಉಗಿಹಡಗಿನ ಹೊಟ್ಟೆಯೊಳಗೆ ಕಲ್ಲಿದ್ದಲಿನ ಕೋಣೆಯಿಂದ ಕುಲುಮೆಯವರೆಗೆ ಒಂದೇ ಸಮನೆ ಕಲ್ಲಿದ್ದಲು ಸಾಗಿಸಬೇಕು. ಒಂದು ಮಗ್ಗುಲಿನ ಕಲ್ಲಿದ್ದಲೇ ಬೇಗ ಖಾಲಿಯಾದರೆ ಹಡಗು ವಾಲುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಸಮನಾಗಿ ತೆಗೆಯಬೇಕು. ಬೂದಿಯನ್ನು ಎತ್ತಿ ಕಡಲಿಗೆ ಚೆಲ್ಲಬೇಕು. ಹಡಗು ಓಲಾಡುವಾಗ ತೆರೆದ ಕುಲುಮೆಯ ಬಾಯಿಯ ಮುಂದೆ ಕಾಲೂರಿ ನಿಲ್ಲಬೇಕು. ಹಡಗಿಗೆ ನೀರು ನುಗ್ಗಿದರೆ ಅದನ್ನು ಮೊದಲು ಕಾಣುವವನು ಕೆಳಗಿರುವವನು. ಮೇಲಕ್ಕೆ ಬರಲು ಅತ್ಯಂತ ಉದ್ದದ ದಾರಿ ಇರುವುದೂ ಅವನಿಗೇ. ಇಷ್ಟನ್ನು ಸರಿಯಾಗಿ ಬರೆದರೆ ಲೇಖಕ ಬೇರೆ ಅನ್ಯಾಯವನ್ನು ಘೋಷಿಸಬೇಕಾಗಿಲ್ಲ. ಹಡಗಿನ ಕಟ್ಟಡವೇ ಅದನ್ನು ಓದುಗನಿಗೆ ತಿಳಿಸುತ್ತದೆ.

ಎರಡನೆಯದು ಭಾಷೆ. ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್‌ಗಳ ಬಡ ರೈತಕುಟುಂಬಗಳಿಂದ ಬಂದ ತರುಣರು ಕೊಲ್ಕತ್ತದ ಖಿದಿರ್‌ಪುರದ ವಸತಿಗೃಹಗಳಲ್ಲಿ ಸಾಲದ ಮೇಲೆ ಉಂಡು, ಸಾರಂಗನೆಂಬ ಮೇಸ್ತ್ರಿಯ ಕೈ ಬಿಸಿಮಾಡಿ, ಹಡಗಿನ ಕೆಲಸ ಹಿಡಿಯುತ್ತಿದ್ದರು. ಅವರ ಸಂಬಳ ಅದೇ ಹಡಗಿನ ಯುರೋಪಿಯನ್ ನಾವಿಕನ ಸಂಬಳದ ಒಂದು ಸಣ್ಣ ಪಾಲು ಮಾತ್ರ. ಅವರು ಹಡಗಿನಲ್ಲಿ ಆಡುತ್ತಿದ್ದ ಮಾತು ಹಿಂದೂಸ್ತಾನಿ, ಬಂಗಾಳಿ, ಪೋರ್ಚುಗೀಸ್, ಅರಬ್ಬಿ, ಮಲಯ ನುಡಿಗಳು ಬೆರೆತ ಒಂದು ಸಂಕರಭಾಷೆ. ಥಾಮಸ್ ರೋಬಕ್ ಎಂಬಾತ ಈ ಮಾತುಗಳನ್ನು ಸಂಗ್ರಹಿಸಿ ೧೮೧೧ರಲ್ಲಿ ಕೊಲ್ಕತ್ತದಲ್ಲಿಯೇ ಒಂದು ನೌಕಾನಿಘಂಟನ್ನು ಅಚ್ಚು ಹಾಕಿಸಿದ್ದ. ಇದು ಕನ್ನಡಕ್ಕೆ ತೀರ ಹೊರಗಿನ ಲೋಕವಲ್ಲ. ಲಷ್ಕರರಲ್ಲಿ ಸಾರಂಗನ ಕೆಳಗಿನ ಅಧಿಕಾರಿಯನ್ನು ‘ತಿಂಡಲ್’ ಎನ್ನುತ್ತಿದ್ದರು. ಅದೇ ಮಾತಿನ ಬಳಗಕ್ಕೆ ಸೇರಿದ ‘ತಂಡೇಲ’ ಎಂಬ ಶಬ್ದ ನಮ್ಮ ಮಲ್ಪೆ, ಕಾರವಾರಗಳ ಮೀನುಗಾರಿಕೆ ದೋಣಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಖಲಾಸಿ, ಲಂಗರು, ಚುಕ್ಕಾಣಿ ಎಂಬ ಮಾತುಗಳನ್ನು ನಾವು ವಿವರಣೆಯಿಲ್ಲದೆ ಬಳಸುತ್ತೇವೆ. ಕೊಲ್ಕತ್ತದ ಹಡಗಿನ ಕಥೆಯನ್ನು ಕನ್ನಡದಲ್ಲಿ ಹೇಳಲು ಬೇಕಾದ ಪದಸಂಪತ್ತು ನಮ್ಮ ಕರಾವಳಿಯಲ್ಲಿದೆ.

ಹುಡುಗರು ನಿಜವಾಗಿ ಇಂತಹ ಕೆಲಸ ಮಾಡುತ್ತಿದ್ದರೇ ಎಂಬ ಸಂದೇಹಕ್ಕೆ ಕಾನೂನಿನ ದಾಖಲೆಯೇ ಉತ್ತರ ಕೊಡುತ್ತದೆ. ೧೯೨೧ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಹಡಗುಗಳಲ್ಲಿ ಕಲ್ಲಿದ್ದಲು ಹೊರುವ ಮತ್ತು ಕುಲುಮೆ ಉರಿಸುವ ಕೆಲಸಕ್ಕೆ ಹದಿನೆಂಟು ವರ್ಷದ ಕನಿಷ್ಠ ವಯಸ್ಸನ್ನು ನಿಗದಿಮಾಡುವ ಒಪ್ಪಂದವನ್ನು ಅಂಗೀಕರಿಸಿತು. ಆದರೆ ಅದರಲ್ಲೇ ಒಂದು ವಿನಾಯಿತಿಯನ್ನು ಸೇರಿಸಲಾಯಿತು: ಕೇವಲ ಭಾರತ ಮತ್ತು ಜಪಾನುಗಳ ಕರಾವಳಿ ವ್ಯಾಪಾರದಲ್ಲಿ ತೊಡಗಿದ ಹಡಗುಗಳಲ್ಲಿ, ದೇಹದಾರ್ಢ್ಯದ ಪರೀಕ್ಷೆಯಲ್ಲಿ ಗೆದ್ದ ಹದಿನಾರರ ಹುಡುಗರನ್ನು ನೇಮಿಸಿಕೊಳ್ಳಬಹುದು. ಉಳಿದ ಲೋಕದ ಹುಡುಗನಿಗೆ ಹದಿನೆಂಟು, ನಮ್ಮ ಹುಡುಗನಿಗೆ ಹದಿನಾರು. ಚರಿತ್ರೆಯ ಇಂತಹ ಒಂದು ಸಾಲು ಕಾದಂಬರಿಕಾರನಿಗೆ ಇಡೀ ಒಂದು ಪಾತ್ರವನ್ನು ಕೊಡಬಲ್ಲುದು.

ಲೋಕದ ಇತರ ಭಾಷೆಗಳಲ್ಲಿ ಈ ಬಗೆಯ ಮಕ್ಕಳ ಸಾಹಿತ್ಯ ಹೇರಳವಾಗಿ ಬಂದಿದೆ. ಆದರೆ ಅಲ್ಲಿಯೂ ನಮ್ಮ ನಾವಿಕ ಅಂಚಿನಲ್ಲೇ ಉಳಿದಿದ್ದಾನೆ. ೧೯೪೦ರ ಸೆಪ್ಟೆಂಬರ್ ೧೭ರ ರಾತ್ರಿ ‘ಸಿಟಿ ಆಫ್ ಬನಾರಸ್’ ಎಂಬ ಹಡಗನ್ನು ಜರ್ಮನ್ ಜಲಾಂತರ್ಗಾಮಿಯೊಂದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿತು. ಯುದ್ಧದಿಂದ ಪಾರಾಗಲೆಂದು ಸರ್ಕಾರದ ಯೋಜನೆಯಡಿ ಕೆನಡಾಕ್ಕೆ ಹೊರಟಿದ್ದ ತೊಂಬತ್ತು ಬ್ರಿಟಿಷ್ ಮಕ್ಕಳಲ್ಲಿ ಎಪ್ಪತ್ತೇಳು ಮಂದಿ ಸತ್ತರು. ಆ ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯ ಲಷ್ಕರರು. ಅವರಲ್ಲಿಯೂ ಬಹಳ ಮಂದಿ ಸತ್ತರು. ಹನ್ನೆರಡನೆಯ ಪಾರುದೋಣಿಯಲ್ಲಿ ಆರು ಬಾಲಕರೂ ಹಲವು ಭಾರತೀಯ ನಾವಿಕರೂ ಸೇರಿ ನಲವತ್ತಾರು ಜನ ಎಂಟು ದಿನ ಕಡಲಿನಲ್ಲಿ ತೇಲಿದರು. ಈ ಘಟನೆಯನ್ನು ಆಧರಿಸಿ ಸೂಸನ್ ಹುಡ್ ಎಂಬ ಅಮೆರಿಕದ ಲೇಖಕಿ ೨೦೧೮ರಲ್ಲಿ ‘ಲೈಫ್‌ಬೋಟ್ ೧೨’ ಎಂಬ ಪದ್ಯರೂಪದ ಮಕ್ಕಳ ಕಾದಂಬರಿಯನ್ನು ಪ್ರಕಟಿಸಿದರು. ನಿಜವಾಗಿ ಬದುಕಿ ಉಳಿದ ಹದಿಮೂರರ ಇಂಗ್ಲಿಷ್ ಬಾಲಕನೊಬ್ಬನ ದೃಷ್ಟಿಯಿಂದ ಕಥೆ ಸಾಗುತ್ತದೆ. ಅದು ಆಕೆಯ ಆಯ್ಕೆ, ಆಕ್ಷೇಪಿಸುವಂತಹದಲ್ಲ. ಆದರೆ ಅದೇ ದೋಣಿಯಲ್ಲಿ ಚಳಿಗೆ ಒಗ್ಗದ ತೆಳುಬಟ್ಟೆಯಲ್ಲಿ ಕುಳಿತಿದ್ದ ನಾವಿಕನ ದೃಷ್ಟಿಯಿಂದ ಆ ಎಂಟು ದಿನಗಳನ್ನು ಬರೆಯುವ ಹೊಣೆ ಯಾರದು? ಆತನ ನಾಡಿನ ಭಾಷೆಗಳೇ ಬರೆಯದಿದ್ದರೆ ಬೇರೆಯವರು ಬರೆಯಲಿಲ್ಲವೆಂದು ದೂರುವ ಹಕ್ಕು ನಮಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಡಲುಪಾಲಾದ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳ ದಾಖಲೆಪುಸ್ತಕಗಳು ಚಿತ್ತಗಾಂಗ್ ಮತ್ತು ಮುಂಬಯಿಗಳಲ್ಲಿವೆ. ೧೯೨೪ರ ಸ್ಮಾರಕಕ್ಕೆ ದೊರೆಯದ ಹೆಸರುಗಳು ಮುಂದಿನ ಯುದ್ಧದ ಹೊತ್ತಿಗೆ ದೊರೆತವು. ಹೆಸರುಗಳ ಹಿಂದಿನ ಬಾಳು ಇನ್ನೂ ಸಾಹಿತ್ಯವಾಗಬೇಕಿದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಅಲಕ್ಷಿಸುವಂತಿಲ್ಲ. ಮೊದಲನೆಯದು, ಸಾವು ಮಕ್ಕಳಿಗೆ ತಕ್ಕ ವಸ್ತುವಲ್ಲ ಎಂಬುದು. ಇದನ್ನು ಹೇಳುವವರು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಎಳೆಯ ಮಕ್ಕಳಿಗೆ ಗೋವಿನ ಹಾಡನ್ನು ಹೇಳಿಕೊಟ್ಟಿರುವುದನ್ನು ಮರೆಯುತ್ತಾರೆ. ಪುಣ್ಯಕೋಟಿ ಕರುವಿನಿಂದ ಬೀಳ್ಕೊಳ್ಳುವ ಸನ್ನಿವೇಶಕ್ಕೆ ಅಳದ ಮಗುವಿಲ್ಲ; ಕೊನೆಯಲ್ಲಿ ಹುಲಿ ಸಾಯುತ್ತದೆ. ಯಕ್ಷಗಾನದ ಬಯಲಿನಲ್ಲಿ ಅಭಿಮನ್ಯುವಿನ ಮರಣವನ್ನು ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದಾರೆ. ಮಕ್ಕಳಿಗೆ ಸಲ್ಲದ್ದು ಸಾವಿನ ವಿಜೃಂಭಣೆ ಮತ್ತು ಸಾವಿನ ಬಗೆಗಿನ ಸುಳ್ಳು. ಯಾರೋ ಒಬ್ಬರು ಪಕ್ಕದಲ್ಲಿ ಕುಳಿತು ನಿಧಾನವಾಗಿ ಹೇಳಿದರೆ ಅವರು ದುಃಖವನ್ನು ತಾಳಿಕೊಳ್ಳಬಲ್ಲರು. ಮಕ್ಕಳ ಕಾದಂಬರಿಯ ನಿರೂಪಕ ಆ ಪಕ್ಕದಲ್ಲಿ ಕುಳಿತವನಾಗಬೇಕು.

ಎರಡನೆಯ ಆಕ್ಷೇಪ ವಿದ್ವಾಂಸರದು. ಹೆಸರೇ ಇಲ್ಲದವನ ಬಗ್ಗೆ ಬರೆದರೆ ಅದು ಚರಿತ್ರೆ ಹೇಗಾದೀತು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟೆ: ಹುಡುಗನನ್ನು ಕಲ್ಪಿಸಬಹುದು, ಹಡಗನ್ನು ಕಲ್ಪಿಸಬಾರದು. ಚಂಡಮಾರುತದ ದಿನಾಂಕ, ಹಡಗಿನ ದಾರಿ, ಕೂಲಿಯ ದರ, ಕಾನೂನಿನ ವಯಸ್ಸು, ಊಟದ ಪಡಿ, ಕೆಲಸದ ಕ್ರಮ ಇವೆಲ್ಲ ದಾಖಲೆಗೆ ನಿಷ್ಠವಾಗಿರಬೇಕು. ಆ ಚೌಕಟ್ಟಿನೊಳಗೆ ನಿಲ್ಲುವ ಹುಡುಗನಿಗೆ ಮಾತ್ರ ಲೇಖಕ ಹೆಸರಿಡಬಹುದು. ಯಾವುದು ದಾಖಲೆ, ಯಾವುದು ಕಲ್ಪನೆ ಎಂಬುದನ್ನು ಪುಸ್ತಕದ ಕೊನೆಯಲ್ಲಿ ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ದೊಡ್ಡವರ ಕಾದಂಬರಿಯಲ್ಲಿ ಇದು ಐಚ್ಛಿಕ. ಮಕ್ಕಳ ಪುಸ್ತಕದಲ್ಲಿ ಕಡ್ಡಾಯವಾಗಬೇಕು. ಏಕೆಂದರೆ ಮಗು ನಂಬಿ ಓದುತ್ತದೆ.

ಮೂರನೆಯದು, ಕೊಲ್ಕತ್ತದ ಹಡಗಿಗೂ ಕನ್ನಡದ ಮಗುವಿಗೂ ಏನು ಸಂಬಂಧ ಎಂಬ ಮಾತು. ೧೮೮೮ರ ನವೆಂಬರಿನಲ್ಲಿ ಸೌರಾಷ್ಟ್ರದ ಕಡಲಿನಲ್ಲಿ ಕಾಣೆಯಾದ ‘ವೈತರಣಾ’ ಹಡಗನ್ನು ಗುಜರಾತಿ ಜನಪದ ‘ವೀಜಳಿ’ ಎಂಬ ಹೆಸರಿನಿಂದ ಹಾಡಿಕೊಂಡು ಬಂದಿದೆ. ಗುಣವಂತರಾಯ ಆಚಾರ್ಯರು ಅದನ್ನು ಕಾದಂಬರಿಯಾಗಿಸಿದರು. ಬಂಗಾಳಿಗೆ ರವೀಂದ್ರರ ಕವನವಿದೆ. ಮುನ್ನೂರು ಕಿಲೋಮೀಟರಿನಷ್ಟು ಕರಾವಳಿ ಇರುವ ನಮಗೆ ಏನಿದೆ? ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ತಿಂಗಳುಗಳ ಬಳಿಕ, ೨೦೧೯ರಲ್ಲಿ, ಮಹಾರಾಷ್ಟ್ರದ ಮಾಲವಣದ ಬಳಿಯ ಕಡಲಿನಲ್ಲಿ ಅದರ ಅವಶೇಷ ಪತ್ತೆಯಾಯಿತು. ಆ ತಿಂಗಳುಗಳಲ್ಲಿ ಉಡುಪಿ ಮತ್ತು ಉತ್ತರ ಕನ್ನಡದ ಮನೆಗಳಲ್ಲಿ ಮಕ್ಕಳು ಬಾಗಿಲು ಕಾದರು. ಆ ಮಕ್ಕಳು ಓದುವ ಭಾಷೆ ಕನ್ನಡ. ತಮ್ಮ ಮನೆಯ ದುಃಖಕ್ಕೆ ಹಿಂದೆಯೂ ಹೆಸರಿತ್ತು, ಇತರ ಕಡಲುಗಳ ದಂಡೆಯಲ್ಲಿಯೂ ಮಕ್ಕಳು ಹೀಗೆಯೇ ಕಾದಿದ್ದರು ಎಂಬುದನ್ನು ತಿಳಿಸುವ ಒಂದು ಪುಸ್ತಕವನ್ನು ನಾವು ಅವರ ಕೈಗೆ ಕೊಟ್ಟಿಲ್ಲ. ‘ಟೈ‍ಟಾನಿಕ್’ ಚಲನಚಿತ್ರವನ್ನು ಅವರು ಬಲ್ಲರು. ಛೋಟೇಲಾಲ್ ಘಾಟಿನ ಫಲಕವನ್ನು ಅರಿಯರು.

ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸವಿದೆ. ಮಕ್ಕಳ ಸಾಹಿತ್ಯವನ್ನು ನಾವು ಪಠ್ಯಕ್ರಮದಲ್ಲಿ ಒಂದು ಘಟಕವಾಗಿ ಸೇರಿಸಿ ಕೈತೊಳೆದುಕೊಳ್ಳುತ್ತೇವೆ, ಪಿಎಚ್.ಡಿ. ವಿಷಯವಾಗಿ ಅದನ್ನು ಆರಿಸಿಕೊಂಡ ವಿದ್ಯಾರ್ಥಿಯನ್ನು ಸಹಪಾಠಿಗಳು ಮರುಕದಿಂದ ನೋಡುತ್ತಾರೆ. ಈ ಮನೋಭಾವ ಬದಲಾಗಬೇಕು. ಕರಾವಳಿಯ ಹಿರಿಯ ಖಲಾಸಿಗಳ, ತಂಡೇಲರ ಬಾಯಿಂದ ಕೆಲಸದ ಮಾತುಗಳನ್ನೂ ನೆನಪುಗಳನ್ನೂ ಸಂಗ್ರಹಿಸುವುದು ಜಾನಪದದ ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ಆ ತಲೆಮಾರು ಕಣ್ಮರೆಯಾಗುತ್ತಿರುವುದರಿಂದ ತುರ್ತಾದ ಕೆಲಸವೂ ಹೌದು. ಬಂಗಾಳಿ ಬಲ್ಲ ಕನ್ನಡಿಗರು ಮತ್ತೆ ತಯಾರಾಗಬೇಕು. ವೆಂಕಟಾಚಾರ್ಯರು ಒಬ್ಬರೇ ಮಾಡಿದ ಕೆಲಸವನ್ನು ಇಂದು ಇಷ್ಟೊಂದು ವಿಭಾಗಗಳು ಸೇರಿ ಮಾಡಲಾರವೆಂದರೆ ಅದು ಸಂಕೋಚಪಡಬೇಕಾದ ಸಂಗತಿ. ಸಂಗ್ರಹಿಸಿದ ಈ ಸಾಮಗ್ರಿಯನ್ನು ಬಳಸಿ ಕಥೆ ಬರೆಯುವವರು ಆಮೇಲೆ ಬರುತ್ತಾರೆ. ಸಾಮಗ್ರಿಯೇ ಇಲ್ಲದೆ ಬರೆಯಿರೆಂದು ಅವರನ್ನು ಒತ್ತಾಯಿಸಿದರೆ ದೊರೆಯುವುದು ಮತ್ತೊಂದು ‘ಕಾಸಬಿಯಾಂಕ’ ಮಾತ್ರ.

ಲೋಹಿತಾಶ್ವನ ಸುದ್ದಿಯನ್ನು ಚಂದ್ರಮತಿಗೆ ತಂದು ಮುಟ್ಟಿಸಿದವನು ಅವನೊಡನೆ ಕಾಡಿಗೆ ಹೋಗಿದ್ದ ಹುಡುಗ. ಹಾಗೆ ಬಂದು ಹೇಳುವ ಜೊತೆಗಾರನೊಬ್ಬನಿರದಿದ್ದರೆ ಆ ತಾಯಿಗೆ ತನ್ನ ಮಗ ಎಲ್ಲಿ ಬಿದ್ದಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ. ಹೂಗ್ಲಿಯ ದಂಡೆಯಿಂದ ಹೊರಟು ಮರಳಿ ಬಾರದ ಹುಡುಗರ ಮನೆಗಳಿಗೆ ಸುದ್ದಿ ಹೇಗೆ ಮುಟ್ಟಿತೋ, ಎಷ್ಟು ಮನೆಗಳಿಗೆ ಮುಟ್ಟಲೇ ಇಲ್ಲವೋ. ತಡವಾಗಿಯಾದರೂ ಆ ಸುದ್ದಿಯನ್ನು ತರುವ ಕೆಲಸವನ್ನು ಕನ್ನಡದ ಮಕ್ಕಳ ಸಾಹಿತ್ಯ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಶಯ. ನಮ್ಮ ವಿಭಾಗದಿಂದ ಹೊರಬರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಇದನ್ನು ತಮ್ಮ ಕೆಲಸವೆಂದು ಭಾವಿಸಿದರೆ ಈ ಲೇಖನ ಸಾರ್ಥಕ.